ಕಾರವಾರದ ಆಫೀಸಿಗೆ ಮಡ್ಲು ತಟ್ಟಿ (ಹೆಣೆದ ತೆಂಗಿನ ಗರಿಯ ಪರದೆ): ಎರಡು ಎಸಿಯಿಂದ ಒಂದಕ್ಕೆ ಇಳಿದ ಕೆಲಸದ ವಿವರ

ನಮ್ಮದು ಟ್ಯಾಕ್ಸ್, ಆಡಿಟ್ ಕೆಲಸದ ಸಣ್ಣ ಆಫೀಸು. ಬಾಡಿಗೆ ಕಟ್ಟಡದ ಮೇಲಿನ ಮಹಡಿ, ತಲೆ ಮೇಲೆ ಬರೀ ಕಾಂಕ್ರೀಟ್ ತಾರಸಿ, ಪಶ್ಚಿಮದ ಗೋಡೆಗೆ ಉದ್ದಕ್ಕೂ ಗಾಜಿನ ಕಿಟಕಿ. ಕಾರವಾರದಲ್ಲಿ ಈಗ ಏಳ್ತಿರೋ ಕಟ್ಟಡ ಬಹಳಷ್ಟು ಹೀಗೇ ಇದಾವೆ, ಹಂಚಿನ ಮಾಡು ಹೋಯ್ತು, ಜಗಲಿ ಹೋಯ್ತು, ಗಾಜು ಬಂತು, ಗಾಜಿನ ಹಿಂದೆ ಎಸಿ ಬಂತು. ಮಾರ್ಚ್ ತಿಂಗಳು ನಮಗೆ ಕೆಲಸದ ಹೊರೆ ಜಾಸ್ತಿ, ಸೆಕೆನೂ ಆಗಲೇ ಶುರು. ಮಧ್ಯಾಹ್ನ ಎರಡೂವರೆ ಮೇಲೆ ಒಂದೂವರೆ ಟನ್ನಿನ ಎರಡು ಎಸಿ ಹಾಕಿದ್ರೂ ಕಿಟಕಿ ಪಕ್ಕ ಕೂತವರ ಬೆನ್ನು ಕಾದುಹೋಗ್ತಿತ್ತು, ಒಳಗಡೆ ಮೂಲೆಯಲ್ಲಿ ಕೂತವರು ಶಾಲು ಹೊದ್ಕೊಂಡು ಕೂರ್ತಿದ್ರು.

ಆಫೀಸನ್ನ ಸ್ವಲ್ಪ ಪರಿಸರಕ್ಕೆ ಹತ್ರ ಮಾಡೋಣ ಅಂತ ಮಾತು ಬಂದಾಗ ಎಲ್ಲರೂ ಹೇಳಿದ್ದು ಮಾಮೂಲಿ ವಿಷಯಾನೇ, ಪೇಪರ್ ಕಪ್ ನಿಲ್ಲಿಸೋಣ, ಟೇಬಲ್ ಮೇಲೆ ಗಿಡ ಇಡೋಣ ಅಂತ. ಅದೆಲ್ಲ ಮಾಡಿದ್ವಿ, ಸ್ಟೀಲ್ ಲೋಟ ಬಂತು, ಆಯ್ತು. ಆದ್ರೆ ನನಗೆ ತಲೆಯಲ್ಲಿ ಕೂತಿದ್ದು ಕರೆಂಟು. ಯಾಕಂದ್ರೆ ಈ ಜಿಲ್ಲೆಯವರಿಗೆ ಕರೆಂಟು ಎಲ್ಲಿಂದ ಬರ್ತದೆ ಅಂತ ಬೇರೆಯವರು ಹೇಳಬೇಕಾಗಿಲ್ಲ, ಸೂಪಾ, ಕೊಡಸಳ್ಳಿ, ಕದ್ರಾ ಅಂತ ಕಾಳಿ ನದಿಗೆ ಸಾಲು ಅಣೆಕಟ್ಟು, ಕೈಗಾದಲ್ಲಿ ತಲಾ 220 ಮೆಗಾವಾಟಿನ 4 ಘಟಕ. ಸೂಪಾ ಪೇಟೆ ಪೂರ್ತಿ ನೀರಲ್ಲಿ ಮುಳುಗಿ ಅಲ್ಲಿಯವರು ರಾಮನಗರಕ್ಕೆ ಬಂದು ಮನೆ ಕಟ್ಟಿಕೊಂಡಿದ್ದು. ಹಾಗೆ ಬಂದ ಕರೆಂಟನ್ನ ಮುಚ್ಚಿದ ಗಾಜಿನ ಹಿಂದೆ ಸೂರ್ಯನ ಜೊತೆ ಜಗಳ ಆಡೋಕೆ ಸುರಿಯೋದು ನನಗೆ ಸಹಿಸಲ್ಲ.

ಮೊದಲು ಅಳತೆ. ಇದಕ್ಕೆ ಎಂತದೂ ಯಂತ್ರ ಬೇಡ, ಹೆಸ್ಕಾಂ ಮೀಟರೇ ಸಾಕು. ಡಿಜಿಟಲ್ ಮೀಟರಿನ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗ್ತಾ ಇರ್ತದೆ, ಪಕ್ಕದಲ್ಲೇ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಅಂತ ಬರೆದಿರ್ತಾರೆ, ನಮ್ಮದರಲ್ಲಿ 3200. ಒಂದು ನಿಮಿಷ ಮಿನುಗು ಎಣಿಸಿ, 60ರಿಂದ ಗುಣಿಸಿ, 3200ರಿಂದ ಭಾಗಿಸಿದ್ರೆ ಆ ಹೊತ್ತಿಗೆ ಎಷ್ಟು ಕಿಲೋವಾಟ್ ಓಡ್ತಿದೆ ಅಂತ ಬರ್ತದೆ. ಬೇರೆ ಎಲ್ಲ ಆಫ್ ಮಾಡಿ ಎರಡು ಎಸಿ ಮಾತ್ರ ಓಡಿಸಿ ಎಣಿಸಿದಾಗ ನಿಮಿಷಕ್ಕೆ 170ರ ಹತ್ರ ಬಂತು, ಅಂದ್ರೆ 3.2 ಕಿಲೋವಾಟ್. ಅಷ್ಟು ಜೋರು ಮಿನುಗ್ವಾಗ ಕಣ್ಣಲ್ಲಿ ಎಣಿಸೋದು ಕಷ್ಟ, ಮೊಬೈಲಲ್ಲಿ ವಿಡಿಯೋ ತೆಗೆದು ನಿಧಾನ ಮಾಡಿ ನೋಡಿದ್ರೆ ಸರಿ ಆಗ್ತದೆ. ಕಂಪ್ಯೂಟರ್ ಎಲ್ಲ ಸೇರಿಸಿದ್ರೂ ಅದರ ಕಾಲು ಭಾಗಕ್ಕೂ ಬರ್ಲಿಲ್ಲ, ಹಳೇ ಟ್ಯೂಬ್‌ಲೈಟು ಇನ್ನೂ ಕಡಿಮೆ.

ರಾತ್ರಿ ಬೀಗ ಹಾಕೋ ಮುಂಚೆ ಎಲ್ಲ ಆಫ್ ಮಾಡಿದ ಮೇಲೂ ಒಮ್ಮೆ ಎಣಿಸಿದ್ವಿ. ಸರಾಸರಿ ನಿಮಿಷಕ್ಕೆ 10-11 ಮಿನುಗು, ಸುಮಾರು 200 ವಾಟ್, ಯಾರೂ ಇಲ್ಲದ ಆಫೀಸಲ್ಲಿ. ಬೋರ್ಡಿನ ಒಂದೊಂದೇ ಎಂಸಿಬಿ ಸ್ವಿಚ್ ಇಳಿಸ್ತಾ ಹೋದಾಗ ಸಿಕ್ಕಿದ್ದು ಬಿಸಿ-ತಂಪು ನೀರಿನ ಡಿಸ್ಪೆನ್ಸರ್, ಅದು ರಾತ್ರಿಯಿಡೀ ನೀರು ಕಾಯಿಸ್ತದೆ, ತಣಿಸ್ತದೆ, ಪುನಃ ಕಾಯಿಸ್ತದೆ. 14 ತಾಸಿಗೆ ಹತ್ರಹತ್ರ ಮೂರು ಯೂನಿಟ್ ಹೀಗೇ ಹೋಗ್ತಿತ್ತು. ಅದರ ಪ್ಲಗ್ ಕಿತ್ತು ಥರ್ಮಾಸ್ ತಂದ್ವಿ, ಬೆಳಿಗ್ಗೆ ಒಮ್ಮೆ ಕಾಯಿಸಿದ ನೀರು ಮಧ್ಯಾಹ್ನದ ಚಾಕ್ಕೂ ಬರ್ತದೆ. ಪ್ರಿಂಟರು, ಯುಪಿಎಸ್‌ಗೆ ಒಂದೇ ಸ್ವಿಚ್‌ಬೋರ್ಡ್ ಮಾಡಿ ಬಾಗಿಲ ಪಕ್ಕಕ್ಕೆ ತಂದಿದ್ದಾಯ್ತು.

ಇನ್ನು ಮುಖ್ಯ ಕೆಲಸ. ಕಿಟಕಿಗೆ ಒಳಗಡೆ ಬ್ಲೈಂಡ್ಸ್ ಮೊದಲೇ ಇತ್ತು, ಗಾಜಿಗೆ ಕಪ್ಪು ಫಿಲ್ಮ್ ಕೂಡ ಅಂಟಿಸಿದ್ರು. ಎರಡೂ ಯಾಕೆ ಸಾಲಲ್ಲ ಅಂದ್ರೆ, ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಬ್ಲೈಂಡ್ಸಿಗೆ ಬಡಿದು ಅದನ್ನ ಕಾಯಿಸ್ತದೆ, ಕಾದ ಬ್ಲೈಂಡ್ಸು ಬಿಡೋ ಶಾಖ ಗಾಜು ದಾಟಿ ವಾಪಸ್ ಹೊರಗೆ ಹೋಗಲ್ಲ, ರೂಮಲ್ಲೇ ಉಳಿತದೆ, ಅದನ್ನ ಎಸಿ ಹೊರಗೆ ಹಾಕ್ಬೇಕು. ಕಪ್ಪು ಫಿಲ್ಮಿಂದ ಗಾಜೇ ಕಾಯ್ತದೆ, ಅದ್ರ ಮೇಲೆ ಹಗಲು ಹೊತ್ತಲ್ಲೇ ಲೈಟ್ ಹಾಕ್ಕೊಂಡು ಕೂರೋ ಪರಿಸ್ಥಿತಿ. ನೆರಳು ಗಾಜಿನ ಹೊರಗೆ ಬೀಳ್ಬೇಕು. ನಮ್ಮ ಹಿರಿಯರ ಮನೆಗಳಲ್ಲಿ ಇದ್ದ ಇಳಿಮಾಡು, ಮಡ್ಲು ತಟ್ಟಿ ಎಲ್ಲ ಮಾಡ್ತಿದ್ದ ಕೆಲಸ ಅದೇ.

ಕಿಟಕಿ ಮೇಲೆ ಚಾಚಿದ ಕಾಂಕ್ರೀಟ್ ಛಜ್ಜಾ ಇದೆಯಲ್ಲ ಅಂತ ನಮ್ಮ ಆಫೀಸಿನ ಸರ್ ಕೇಳಿದ್ರು. ಇದೆ, ಆದ್ರೆ ಛಜ್ಜಾ ನೆತ್ತಿ ಮೇಲಿನ ಸೂರ್ಯನಿಗೆ ಮಾತ್ರ. ಕಾರವಾರ 15 ಡಿಗ್ರಿ ಅಕ್ಷಾಂಶಕ್ಕೆ ಸ್ವಲ್ಪ ಕೆಳಗೆ, ಏಪ್ರಿಲ್ ಕೊನೆ ಹೊತ್ತಿಗೆ ಮಧ್ಯಾಹ್ನ ಸೂರ್ಯ ನೇರ ನೆತ್ತಿಗೆ ಬರ್ತಾನೆ, ಆಗ ಛಜ್ಜಾ ಚೆನ್ನಾಗೇ ನೆರಳು ಕೊಡ್ತದೆ. ಮೂರರ ಮೇಲೆ ಅವನು ಸಮುದ್ರದ ಕಡೆ ಇಳಿತಾ ಇಳಿತಾ ಛಜ್ಜಾದ ಅಡಿಯಿಂದ ಸೀದಾ ಒಳಗೆ ನುಗ್ತಾನೆ. ಅದಕ್ಕೆ ಅಡ್ಡಕ್ಕೆ ಚಾಚಿದ್ದು ಸಾಲಲ್ಲ, ಮುಂದಕ್ಕೆ ಇಳಿಬಿಟ್ಟಿದ್ದು ಬೇಕು. ಇನ್ನೊಂದು ಪೇಚು ಅಂದ್ರೆ ಬಿಸಿಲು ಬರೋ ದಿಕ್ಕಿಂದಾನೇ ಕಡಲ ಗಾಳಿನೂ ಬರೋದು. ಬಿಸಿಲಿಗೆ ಹೆದರಿ ಪಶ್ಚಿಮ ಮುಚ್ಚಿದ್ರೆ ಗಾಳಿನೂ ಹೋಯ್ತು. ಬಿಸಿಲು ತಡಿಬೇಕು, ಗಾಳಿ ಬಿಡಬೇಕು, ಎರಡೂ ಆಗೋ ಹಾಗೆ ತಟ್ಟಿನ ಮೇಲ್ಗಡೆ ಕೀಲು ಕೊಟ್ಟು ಕೆಳಗಿನ ತುದಿಯನ್ನ ಎರಡೂವರೆ ಅಡಿ ಹೊರಗೆ ದೂಡಿ ಕೋಲು ಕೊಡೋದು ಅಂತ ತೀರ್ಮಾನ. ಹಳೇ ಗೂಡಂಗಡಿಗಳ ಮುಂದಿನ ತಟ್ಟಿ ಹೀಗೇ ಇರ್ತಿತ್ತು.

ಮಡ್ಲು ಹೆಣೆಯೋಕೆ ಅಂಕೋಲೆ ಕಡೆಯ ಒಬ್ಬ ಅಮ್ಮನ್ನ ಹುಡುಕಿದ್ವಿ. ಮೊದಲೆಲ್ಲ ಮನೆಮನೆಯಲ್ಲಿ ಬರ್ತಿದ್ದ ಕೆಲಸ, ಈಗ ಮದುವೆ ಚಪ್ಪರಕ್ಕೂ ಬಟ್ಟೆ, ಶೀಟು ಬಂದು ಹೆಣೆಯೋರು ಕಡಿಮೆ ಆಗಿದಾರೆ. ಅವರ ಮನೆ ಅಂಗಳದಲ್ಲೇ ಕೂತು ನೋಡಿದೆ. ತೆಂಗಿನ ಮಡ್ಲನ್ನ ನಡುದಿಂಡಿನ ಉದ್ದಕ್ಕೆ ಕತ್ತಿಯಿಂದ ಎರಡು ಸೀಳು ಮಾಡ್ತಾರೆ, ಸೀಳಿದ್ದನ್ನ ನೀರಲ್ಲಿ ನೆನೆಹಾಕ್ತಾರೆ, ಎಲೆ ಮೆತ್ತಗಾಗಿ ಬಾಗೋಕೆ ಬಂದ ಮೇಲೆ ದಿಂಡನ್ನ ಕಾಲ್ಬೆರಳಲ್ಲಿ ಒತ್ತಿ ಹಿಡ್ಕೊಂಡು ಒಂದು ಗರಿ ಮೇಲೆ ಒಂದು ಗರಿ ಕೆಳಗೆ ಅಂತ ಓರೆಯಾಗಿ ನುಸುಳಿಸ್ತಾ ಹೋಗ್ತಾರೆ, ಕೊನೆಗೆ ಉಳಿದ ಗರಿ ತುದಿಗಳನ್ನ ಜಡೆ ಹಾಗೆ ಹೆಣೆದು ಗಂಟು. ನೋಡ್ತಾ ನೋಡ್ತಾ ಒಂದು ಮುಗಿಸಿ ಪಕ್ಕಕ್ಕೆ ಒಗೆದ್ರು. "ತಮ್ಮಾ, ಇದನ್ನ ಹಸಿಹಸಿನೇ ಕಟ್ಟಬೇಡ, ಒಣಗ್ತಾ ಕುಗ್ತದೆ, ಸಂದಿ ಬೀಳ್ತದೆ. ಒಣಗಿಸಿ ಒಂದರ ಮೇಲೊಂದು ಅರ್ಧಕ್ಕರ್ಧ ಹೊದಿಸಿ ಕಟ್ಟು" ಅಂದ್ರು. ಹಾಗೇ ಮಾಡಿದ್ದು. ಅವರು ಕೇಳಿದ ಕೂಲಿಗಿಂತ ಜಾಸ್ತಿ ಕೊಟ್ವಿ, ಈ ಕೈಕೆಲಸಕ್ಕೆ ಅದು ಸಲ್ಲಬೇಕಾದದ್ದೇ.

ಚೌಕಟ್ಟಿಗೆ ಬಿದಿರು, ನಡುವೆ ಅಡ್ಡಕ್ಕೆ ಅಡಿಕೆ ದಬ್ಬೆ. ಒಂದೊಂದು ತಟ್ಟಿ ಆರಡಿ ಅಗಲ, ಐದಡಿ ಎತ್ತರ, ಇಬ್ಬರು ಎತ್ತೋಕೆ ಆಗೋವಷ್ಟು. ಒಂದೇ ಉದ್ದ ತಟ್ಟಿ ಮಾಡಿದ್ರೆ ಗಾಳಿ ಹಿಡಿತದೆ, ಇಳಿಸೋದೂ ಕಷ್ಟ. ಬಿದಿರನ್ನ ಕಟ್ಟೋಕೆ ತಂತಿ ಹಾಕಬೇಡಿ, ಈ ಉಪ್ಪು ಗಾಳಿಗೆ ಸತುವು ಲೇಪದ ಜಿಐ ತಂತಿನೂ ಕೆಂಪಾಗಿ ಪುಡಿಯಾಗ್ತದೆ. ನೈಲಾನ್ ಹಗ್ಗ ಬಿಸಿಲಿಗೆ ಎಳೆಎಳೆ ಬಿಟ್ಕೊಂಡು ಉದುರ್ತದೆ, ಉದುರಿದ್ದು ಚರಂಡಿ ಹಿಡಿದು ಸಮುದ್ರಕ್ಕೇ ಹೋಗೋದು. ತೆಂಗಿನ ನಾರಿನ ಹಗ್ಗ ನೆನೆಸಿ ಒದ್ದೆ ಇರುವಾಗಲೇ ಎಳೆದು ಕಟ್ಟಿದ್ರೆ ಒಣಗಿದ ಮೇಲೆ ಗಟ್ಟಿ ಕೂರ್ತದೆ. ಛಜ್ಜಾದ ಅಡಿಗೆ ಹಾಕಿದ ಕೊಕ್ಕೆ ಮಾತ್ರ ಸ್ಟೇನ್‌ಲೆಸ್ ಸ್ಟೀಲ್, ಅದರಲ್ಲಿ ದುಡ್ಡು ಉಳಿಸೋಕೆ ಹೋಗಬಾರ್ದು, ಕೆಳಗೆ ಜನ ಓಡಾಡ್ತಾರೆ. ಕೊಕ್ಕೆಗೆ ತೂತು ಹೊಡೆಯೋಕೆ ಕಟ್ಟಡದ ಯಜಮಾನರಿಗೆ ಮೊದಲೇ ಹೇಳಿ ಒಪ್ಪಿಗೆ ತಗೊಂಡ್ವಿ. ತಟ್ಟಿಗಳನ್ನ ತಾರಸಿಯಿಂದ ಹಗ್ಗದಲ್ಲಿ ಇಳಿಸಿ ಕಿಟಕಿಯಿಂದ ಒಳಗಡೆ ನಿಂತವರು ಕೊಕ್ಕೆಗೆ ಸಿಕ್ಕಿಸಿದ್ದು, ಪ್ರತಿ ತಟ್ಟಿಗೂ ಕೆಳಗಿನ ಎರಡು ಮೂಲೆಯಿಂದ ಒಳಕ್ಕೆ ಎಳೆದು ಕಟ್ಟೋ ಹಗ್ಗ ಇದೆ, ಗಾಳಿ ಎದ್ದಾಗ ತಟ್ಟಿ ಮೇಲಕ್ಕೆ ಹಾರಬಾರ್ದು ಅಂತ.

ಮೊದಲು ಒಂದೇ ಕಿಟಕಿಗೆ ಕಟ್ಟಿ ಪಕ್ಕದ್ದನ್ನ ಹಾಗೇ ಬಿಟ್ವಿ, ಎರಡೂ ಗಾಜಿನ ಒಳಮುಖಕ್ಕೆ ಒಂದೊಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಅಂಟಿಸಿ. ನಾಲ್ಕು ಗಂಟೆ ಬಿಸಿಲಿಗೆ ಎರಡರ ನಡುವೆ ಹತ್ತು ಡಿಗ್ರಿ ಹತ್ರ ವ್ಯತ್ಯಾಸ. ಒಂದರ ಮೇಲೆ ಅಂಗೈ ಇಟ್ಟು ನಿಲ್ಲೋಕೆ ಆಗ್ತಿತ್ತು, ಇನ್ನೊಂದರ ಮೇಲೆ ಇಲ್ಲ. ಥರ್ಮಾಮೀಟರ್ ನಂಬದವರನ್ನ ಕರೆದು ಗಾಜು ಮುಟ್ಟಿಸಿದ್ವಿ, ಅಲ್ಲಿಗೆ ವಾದ ಮುಗೀತು. ಗಿರಾಕಿಗಳು ಬಂದು ಇದೇನು ಕೊಟ್ಟಿಗೆ ಅಂದ್ರೆ ಎಂತ ಮಾಡೋದು ಅಂತ ಸರ್‌ಗೆ ಅಳುಕಿತ್ತು. ಮೊದಲ ವಾರವೇ ಸಿರ್ಸಿ ಕಡೆಯ ತೋಟದವರೊಬ್ಬರು ಬಂದು ಕುರ್ಚಿಯನ್ನ ಕಿಟಕಿ ಹತ್ರಕ್ಕೆ ಎಳ್ಕೊಂಡು "ಹೋ, ಇದು ಬರೋಬ್ಬರಿ ಮಾಡಿದ್ರಿ ಮಾರಾಯ್ರೆ" ಅಂದ್ರು, ಉಳಿದ ಕಿಟಕಿಗಳಿಗೂ ಅನುಮತಿ ಅವತ್ತೇ ಸಿಕ್ತು. ಕಪ್ಪು ಫಿಲ್ಮ್ ಕೂಡ ಕಿತ್ತು ತೆಗೆದ್ವಿ, ತಟ್ಟಿ ಅಡಿಯಿಂದ ಬರೋ ತಂಪು ಬೆಳಕಲ್ಲಿ ಹಗಲಿಗೆ ಲೈಟೇ ಬೇಡ.

ಆದ್ರೆ ಕಿಟಕಿ ತೆಗೆಯೋಕೆ ಬಂದ್ರೆ ತಾನೇ ಗಾಳಿ. ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿ, ಎಸಿ ಬಂದಾಗಿಂದ ತೆಗೆದೇ ಇಲ್ಲ, ಹಳಿಯಲ್ಲಿ ಮರಳು, ಉಪ್ಪು, ಸತ್ತ ಹುಳ ಎಲ್ಲ ಸೇರಿ ಗಟ್ಟಿಯಾಗಿ ಕೂತಿತ್ತು. ಎಳೆದ್ರೆ ಹಿಡಿಕೆ ಕೈಗೆ ಬರ್ತದೆ. ಕಿಟಕಿ ಬಾಗಿಲನ್ನ ಮೇಲಕ್ಕೆತ್ತಿ ಕೆಳಗಿನ ತುದಿ ಒಳಕ್ಕೆ ಎಳೆದು ಕಳಚ್ಬೇಕು, ಕಳಚಿದ ಮೇಲೆ ಹಳಿಯನ್ನ ಬಿಸಿನೀರು ಮತ್ತೆ ಹಳೇ ಹಲ್ಲುಜ್ಜೋ ಬ್ರಶ್ಶಿಂದ ತಿಕ್ಕಿ, ನೀರು ಹೊರಹೋಗೋಕೆ ಹಳಿಯಲ್ಲೇ ಇರೋ ಸಣ್ಣ ತೂತುಗಳನ್ನ ಕಡ್ಡಿಯಿಂದ ಬಿಡಿಸಿ. ಆ ತೂತು ಕಟ್ಟಿಕೊಂಡಿದ್ದಕ್ಕೇ ಮಳೆಗಾಲದಲ್ಲಿ ನೀರು ಒಳಗೆ ಬರ್ತಿದ್ದದ್ದು, ಅದಕ್ಕೆ ಸಿಲಿಕೋನ್ ಬಡಿದು ಬಡಿದು ಕಿಟಕಿನೇ ಅಂಟಿಹೋಗಿತ್ತು. ಬಾಗಿಲಡಿಯ ಗಾಲಿ ಸವೆದಿದ್ವು, ಹಾರ್ಡ್‌ವೇರ್ ಅಂಗಡಿಗೆ ಹಳೇದನ್ನೇ ತಗೊಂಡು ಹೋಗಿ ಅದೇ ಅಳತೆಯ ನೈಲಾನ್ ಗಾಲಿ ತಂದು ಸ್ಕ್ರೂ ಹಾಕಿದ್ದು. ಹಳಿಗೆ ಎಣ್ಣೆ ಹಾಕಬಾರ್ದು, ಎಣ್ಣೆಗೆ ಮರಳು ಅಂಟ್ತದೆ, ಮೇಣದಬತ್ತಿ ಉಜ್ಜಿದ್ರೆ ಸಾಕು. ಈಗ ಒಂದು ಬೆರಳಲ್ಲಿ ಸರಿತದೆ. ಪೂರ್ವದ ಕಡೆ ಕಾರಿಡಾರ್ ಬಾಗಿಲ ಮೇಲಿನ ವೆಂಟಿಲೇಟರ್ ಕೂಡ ಬಿಡಿಸಿದ್ವಿ, ಗಾಳಿ ಬಂದ್ರೆ ಸಾಲಲ್ಲ, ಹೋಗೋಕೂ ದಾರಿ ಬೇಕು.

ಫ್ಯಾನಿನ ವಿಷಯ. ನಾಲ್ಕು ಫ್ಯಾನ್ ಇದ್ವು, ಅದರಲ್ಲಿ ಎರಡು ಫ್ಯಾನ್, ಎಲೆ ಅಲ್ಲಾಡದಷ್ಟು ನಿಧಾನ. ಎಲ್ಲ ತೆಗೆದು ಹೊಸ ಬಿಎಲ್‌ಡಿಸಿ (ಕಡಿಮೆ ಕರೆಂಟಿನ ಮೋಟಾರಿನ ಫ್ಯಾನ್) ಹಾಕೋಣ ಅಂತ ಎಲೆಕ್ಟ್ರಿಷಿಯನ್ ಅಂದ. ಬಿಎಲ್‌ಡಿಸಿ ಫ್ಯಾನ್ ಪೂರ್ತಿ ಜೋರಲ್ಲಿ 28ರಿಂದ 35 ವಾಟ್, ಹಳೇದು 75 ವಾಟ್ ಹತ್ರ, ಉಳಿತಾಯ ನಿಜಾನೇ. ಆದ್ರೆ ಸರಿ ಆಗೋ ಫ್ಯಾನನ್ನ ಗುಜರಿಗೆ ಹಾಕೋದು ನನಗೆ ಒಪ್ಪಿಗೆ ಇಲ್ಲ. ನಿಧಾನ ತಿರುಗೋ ಫ್ಯಾನಿಗೆ ಹೆಚ್ಚಿನ ಸಲ ರೋಗ ಒಂದೇ, ಮೇಲಿನ ಬಟ್ಟಲಲ್ಲಿರೋ 2.5 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಸೊರಗಿರ್ತದೆ. ಎಂಸಿಬಿ ಇಳಿಸಿ, ಟೆಸ್ಟರ್ ಇಟ್ಟು ಕರೆಂಟ್ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಹಳೇ ಕೆಪ್ಯಾಸಿಟರಿನ ಎರಡು ವೈರ್ ಎಲ್ಲಿಗೆ ಹೋಗಿದೆ ಅಂತ ಫೋಟೋ ತೆಗೆದು, ಅದೇ ಮೈಕ್ರೋಫ್ಯಾರಡಿನ ಹೊಸದು ಹಾಕಿದ್ವಿ. ನೂರು ರೂಪಾಯಿ ಒಳಗಿನ ಸಾಮಾನು. ಎರಡೂ ಫ್ಯಾನ್ ಮೊದಲಿನ ಹಾಗೆ ತಿರುಗಿದ್ವು, ಅವನ್ನ ಊಟದ ಕೋಣೆಗೂ ಗಿರಾಕಿ ಕೂರೋ ಕಡೆಗೂ ಹಾಕಿ, ಇಡೀ ದಿನ ಓಡೋ ಕಡೆ ಮಾತ್ರ ಎರಡು ಬಿಎಲ್‌ಡಿಸಿ ತಂದ್ವಿ. ಅದನ್ನ ಹಾಕೋವಾಗ ಹಳೇ ರೆಗ್ಯುಲೇಟರ್ ತೆಗೆದು ನೇರ ಸ್ವಿಚ್ಚಿಂದ ಕೊಡಬೇಕು, ರೆಗ್ಯುಲೇಟರ್ ಮೂಲಕ ಹೋದ್ರೆ ಫ್ಯಾನಿನ ಒಳಗಿನ ಬೋರ್ಡ್ ಕೆಡಬಹುದು. ಸಿಡಿಲು ಹೊಡಿವಾಗ ಎಂಸಿಬಿ ಇಳಿಸೋದೂ ಅದೇ ಕಾರಣಕ್ಕೆ.

ಫ್ಯಾನಿನ ನಿಜವಾದ ಲಾಭ ಅದರ ವಾಟಲ್ಲಿ ಇಲ್ಲ. ಮೈಮೇಲೆ ಗಾಳಿ ಆಡಿದ್ರೆ ಎರಡು ಮೂರು ಡಿಗ್ರಿ ತಂಪಾದ ಹಾಗೆ ಅನ್ನಿಸ್ತದೆ, ಹಾಗಾಗಿ ಎಸಿನ 24ರ ಬದಲು 27ಕ್ಕೆ ಇಡಬಹುದು. ಒಂದು ಡಿಗ್ರಿ ಏರಿಸಿದ್ರೆ ಸುಮಾರು 6% ಕರೆಂಟು ಉಳಿತದೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಲೆಕ್ಕ, 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರೋ ರೂಮ್ ಎಸಿಗಳು 24ರಲ್ಲೇ ಶುರು ಆಗಬೇಕು ಅಂತ ನಿಯಮ ಮಾಡಿದ್ದೂ ಅದಕ್ಕೇ. ನಮ್ಮದು ಅದಕ್ಕಿಂತ ಹಳೇವು, ಅವನ್ನ 18ಕ್ಕೆ ಇಟ್ಟು ಮರೆತುಬಿಡೋ ಅಭ್ಯಾಸ ಎಲ್ಲರಿಗೂ ಇತ್ತು. ಒಬ್ಬರು ಹುಬ್ಬಳ್ಳಿಯಿಂದ ಕೂಲರ್ ತರೋಣ ಅಂದ್ರು. ಹುಬ್ಬಳ್ಳಿ ಒಣಹವೆಗೆ ಅದು ಸರಿ, ನೀರು ಆವಿಯಾದ್ರೆ ತಂಪು. ಕಾರವಾರದ ಗಾಳಿಯಲ್ಲಿ ಮೊದಲೇ ನೀರು ತುಂಬಿರ್ತದೆ, ಇಲ್ಲಿ ಕೂಲರ್ ಹಾಕಿದ್ರೆ ಬೆವರು ಇನ್ನೂ ಹೆಚ್ಚು, ಫೈಲೆಲ್ಲ ಮೆತ್ತಗೆ. ತಟ್ಟಿಗೆ ನೀರು ಹೊಡಿಯೋದೂ ಬೇಡ ಅಂದಿದ್ದು ಅದಕ್ಕೇ, ಇಲ್ಲಿ ಬೇಕಾದ್ದು ನೆರಳು ಮತ್ತೆ ಗಾಳಿ ಅಷ್ಟೇ.

ಎಸಿ ಎರಡರಲ್ಲಿ ಒಂದಕ್ಕೆ ಪ್ರತಿ ಬೇಸಿಗೆ ಗ್ಯಾಸ್ ತುಂಬಿಸ್ತಾ ಇದ್ರು. ಇದು ನನಗೆ ತಡ್ಕೊಳ್ಳೋಕೆ ಆಗದ ವಿಷಯ. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗೋ ವಸ್ತು ಅಲ್ಲ, ಮುಚ್ಚಿದ ಪೈಪಲ್ಲಿ ಸುತ್ತುತ್ತಾ ಇರ್ತದೆ, ಕಡಿಮೆ ಆಗಿದೆ ಅಂದ್ರೆ ಎಲ್ಲೋ ಸೋರಿದೆ, ಸೋರಿದ್ದು ಗಾಳಿಗೆ ಸೇರಿದೆ. ನಮ್ಮದರಲ್ಲಿ ಇದ್ದದ್ದು ಆರ್-22, ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1800 ಪಟ್ಟು ಬಿಸಿ ಏರಿಸೋ ಅನಿಲ, ಓಝೋನಿಗೂ ಹಾನಿ. ಈ ಸಲ ಬಂದ ಮೆಕ್ಯಾನಿಕ್ಕಿಗೆ ಮೊದಲು ಲೀಕ್ ಹುಡುಕು, ಆಮೇಲೆ ಗ್ಯಾಸ್ ಅಂತ ಪಟ್ಟು ಹಿಡಿದೆ. ಸೋಪಿನ ನೊರೆ ಹಚ್ಚಿದಾಗ ಹೊರಗಿನ ಯೂನಿಟ್ಟಿನ ತಾಮ್ರದ ಪೈಪಿನ ನಟ್ ಹತ್ರ ಗುಳ್ಳೆ ಬಂತು. ಪೈಪಿನ ತುದಿ ಕತ್ತರಿಸಿ ಹೊಸದಾಗಿ ಅಗಲಿಸಿ, ನಟ್ ಬದಲಿಸಿ, ನೈಟ್ರೋಜನ್ ತುಂಬಿ ಒತ್ತಡ ಇಳಿತದಾ ಅಂತ ಕಾದು ನೋಡಿ, ವ್ಯಾಕ್ಯೂಮ್ ಎಳೆದು ಆಮೇಲೆ ತುಂಬಿದ್ದು. ಅರ್ಧ ದಿನ ಜಾಸ್ತಿ ಹಿಡೀತು, ಹಿಡೀಲಿ. ನಿಮ್ಮಲ್ಲಿ ಯಾರಾದ್ರೂ ವರ್ಷಾವರ್ಷ ಗ್ಯಾಸ್ ಹಾಕಿಸ್ತಿದ್ರೆ ದಯವಿಟ್ಟು ಹೀಗೆ ಕೇಳಿ. ಹೊರಗಿನ ಯೂನಿಟ್ಟಿನ ತೆಳು ಅಲ್ಯುಮಿನಿಯಂ ಪದರಗಳಿಗೆ ಉಪ್ಪು ಕೂತು ತಿನ್ನೋದು ಈ ಕರಾವಳಿಯಲ್ಲಿ ದೊಡ್ಡ ತೊಂದರೆ, ಎಂಸಿಬಿ ಇಳಿಸಿ ತಿಂಗಳಿಗೊಮ್ಮೆ ಸಾದಾ ನೀರು ಮೆಲ್ಲಗೆ ಹಾಯಿಸಿದ್ರೆ ಆಯಸ್ಸು ಹೆಚ್ತದೆ. ಒಳಗಿನ ಫಿಲ್ಟರ್ ತೊಳಿಯೋದು ಈಗ ನಮ್ಮದೇ ಪಾಳಿ. ಎಸಿಯಿಂದ ಬೀಳೋ ನೀರನ್ನ ಬಕೆಟ್ಟಿಗೆ ಹಿಡಿದು ಕೆಲಸಕ್ಕೆ ಬರೋ ಅಕ್ಕ ನೆಲ ಒರೆಸೋಕೆ ತಗೋತಾರೆ. ಇನ್ವರ್ಟರ್ ಬ್ಯಾಟರಿಗೆ ಹಾಕಬಹುದಾ ಅಂತ ಕೇಳಿದ್ರು, ಬೇಡ, ಕಾಯಿಲ್ ಮೇಲಿನ ಧೂಳು, ಲೋಹ ಎಲ್ಲ ಅದರಲ್ಲಿ ಬರ್ತದೆ, ಅದಕ್ಕೆ ಡಿಸ್ಟಿಲ್ಡ್ ವಾಟರೇ ಬೇಕು.

ಟ್ಯೂಬ್‌ಲೈಟ್ ಬಗ್ಗೆ ಹೆಚ್ಚು ಹೇಳೋಕಿಲ್ಲ. ಹಳೇ ಪಟ್ಟಿಯಲ್ಲೇ ಚೋಕ್, ಸ್ಟಾರ್ಟರ್ ತೆಗೆದು 18-20 ವಾಟಿನ ಎಲ್‌ಇಡಿ ಟ್ಯೂಬ್ ಹಾಕಿದ್ವಿ, ಕೆಟ್ಟಿದ್ದನ್ನ ಮಾತ್ರ, ಉಳಿದದ್ದು ಕೆಟ್ಟಾಗ ಬದಲಾಗ್ತದೆ. ಹಳೇ ಟ್ಯೂಬಲ್ಲಿ ಪಾದರಸ ಇರ್ತದೆ, ಒಡೆದು ಕಸಕ್ಕೆ ಹಾಕಬೇಡಿ, ರಟ್ಟಿನ ಪೆಟ್ಟಿಗೆಯಲ್ಲೇ ಇಟ್ಟು ಇ-ತ್ಯಾಜ್ಯ ತಗೊಳ್ಳೋರಿಗೇ ಕೊಡಬೇಕು. ಪ್ರಿಂಟರಲ್ಲಿ ಎರಡೂ ಬದಿ ಪ್ರಿಂಟ್ ಅನ್ನೋದನ್ನ ಖಾಯಂ ಮಾಡಿಟ್ವಿ.

ಮಳೆಗಾಲದ ಲೆಕ್ಕ ಬೇರೆ. ಮೇ ಕೊನೆಗೆ ಮೋಡ ಕಟ್ಟಿ ಗಾಳಿ ಏಳೋ ಲಕ್ಷಣ ಕಂಡ ಕೂಡಲೇ ತಟ್ಟಿ ಇಳಿಸಿದ್ವಿ, ಜೂನ್ ಗಾಳಿಗೆ ಅದು ನಿಲ್ಲಲ್ಲ, ನಿಂತ್ರೂ ಕೊಳಿತದೆ. ಮಡ್ಲು ಬಿಚ್ಚಿ ಪರಿಚಯದವರ ತೋಟಕ್ಕೆ ತೆಂಗಿನ ಬುಡಕ್ಕೆ ಹಾಕೋಕೆ ಕೊಟ್ಟಾಯ್ತು, ಚೌಕಟ್ಟು ಮೆಟ್ಟಿಲ ಕೆಳಗೆ ಒಣಜಾಗದಲ್ಲಿದೆ, ಮುಂದಿನ ವರ್ಷಕ್ಕೆ ಮಡ್ಲು ಮಾತ್ರ ಹೊಸದು. ಮಳೆಯಲ್ಲಿ ನಮಗೆ ಸೆಕೆಗಿಂತ ದೊಡ್ಡ ಶತ್ರು ಬೂಷ್ಟು. ಮೊದಲು ಫೈಲ್ ಉಳಿಸೋಕೆ ಅಂತ ಇಡೀ ಹಾಲಿಗೆ ಎಸಿ ಹಾಕ್ತಿದ್ರು. ಈಗ ಮುಖ್ಯ ಕಾಗದಪತ್ರ ಎಲ್ಲ ಒಂದು ಸ್ಟೀಲ್ ಕಪಾಟಿಗೆ ಹೋಗಿದೆ, ಕಪಾಟು ಗೋಡೆಯಿಂದ ನಾಲ್ಕು ಬೆರಳು ದೂರ, ಒಳಗಡೆ ಕೆಳಗೆ 15 ವಾಟಿನ ಹಳೇ ತಂತಿ ಬಲ್ಬು, ಸುತ್ತ ಜಾಲರಿ, ಕಾಗದ ತಾಗದ ಹಾಗೆ. ಇದಕ್ಕೆ ಎಲ್‌ಇಡಿ ನಡಿಯಲ್ಲ, ಇಲ್ಲಿ ಬೇಕಿರೋದು ಬಲ್ಬಿನ ಬಿಸಿನೇ. ಹಗಲು ರಾತ್ರಿ ಉರಿದ್ರೂ ದಿನಕ್ಕೆ 0.36 ಯೂನಿಟ್. ಹೊರಗಿನ ಹಾಲಿಗೆ ತೀರಾ ಜಿಡ್ಡು ಹವೆ ಇದ್ದ ದಿನ ಸಂಜೆ ಸ್ವಲ್ಪ ಹೊತ್ತು ಒಂದು ಎಸಿನ ತೇವ ತೆಗೆಯೋ ಡ್ರೈ ಮೋಡ್‌ನಲ್ಲಿ ಹಾಕ್ತೀವಿ, ಎಸಿ ಪೂರ್ತಿ ಬಿಡೋದು ಈ ಕಟ್ಟಡದಲ್ಲಿ ಸದ್ಯ ಆಗದ ಮಾತು.

ಏಪ್ರಿಲಲ್ಲಿ ಕೊನೆಗೆ ಏನಾಯ್ತು ಅಂದ್ರೆ, ಬೆಳಿಗ್ಗೆಯಿಂದ ಊಟದವರೆಗೆ ಕಿಟಕಿ ಮತ್ತೆ ಫ್ಯಾನ್, ಊಟ ಆದ ಮೇಲೆ ಕಿಟಕಿ ಮುಚ್ಚಿ ಒಂದೇ ಎಸಿ 27ಕ್ಕೆ, ಜೊತೆಗೆ ಫ್ಯಾನ್. ಮೊದಲು ಎರಡೂ ಕಂಪ್ರೆಸರ್ ಸಂಜೆವರೆಗೆ ನಿಲ್ಲದೇ ಓಡ್ತಿದ್ವು, ಈಗ ಇರೋದೊಂದೂ ಮಧ್ಯೆ ಮಧ್ಯೆ ಕಟ್ ಆಗಿ ಸುಮ್ಮನಾಗ್ತದೆ, ಮೀಟರಿನ ದೀಪ ನೋಡಿದ್ರೆ ಗೊತ್ತಾಗ್ತದೆ. ಎರಡನೇ ಎಸಿ ಇಡೀ ಬೇಸಿಗೆ ಆಫ್.

ಬಾಕಿ ಇರೋದು ತಾರಸಿ. ಹಗಲಿಡೀ ಕಾದ ಕಾಂಕ್ರೀಟು ಸಂಜೆ ಐದರ ಮೇಲೆ ಶಾಖವನ್ನ ಕೆಳಗೆ ಬಿಡ್ತದೆ, ತಟ್ಟಿ ಅದಕ್ಕೆ ಏನೂ ಮಾಡಲ್ಲ. ಬಿಸಿಲು ವಾಪಸ್ ಹೋಗಲಿ ಅಂತ ಮುಂದಿನ ಫೆಬ್ರವರಿಯಲ್ಲಿ ಅರಳಿಸಿದ ಸುಣ್ಣಕ್ಕೆ ಫೆವಿಕಾಲ್ ಬೆರೆಸಿ ಎರಡು ಕೈ ಬಳಿಯೋದು ಅಂತ ಮಾತಾಗಿದೆ, ನಮ್ಮ ಮಳೆಗೆ ಅದು ವರ್ಷವರ್ಷ ತೊಳೆದು ಹೋಗ್ತದೆ, ಹಾಗಾಗಿ ತಟ್ಟಿ ಕಟ್ಟೋ ಹೊತ್ತಿಗೇ ಇದನ್ನೂ ಇಟ್ಕೋತೀವಿ. ಮಡ್ಲಿಗೆ ಅಂಕೋಲೆ ಅಮ್ಮನಿಗೆ ಜನವರಿಯಲ್ಲೇ ಹೇಳಿಡಬೇಕು, ನೆನೆಸಿ, ಹೆಣೆದು, ಒಣಗಿಸೋಕೆ ಹೊತ್ತು ಬೇಕು. ಆಫೀಸಲ್ಲಿ ಹೊಸದಾಗಿ ಸೇರಿದ ಇಬ್ಬರು ಹುಡುಗರು ಹೆಣೆಯೋದನ್ನ ಕಲಿಯೋಕೆ ನಾವೂ ಬರ್ತೀವಿ ಅಂದಿದಾರೆ, ಅಮ್ಮನನ್ನೂ ಕೇಳಿ ಆಗಿದೆ, ಕತ್ತಿ ನೀವೇ ತನ್ನಿ ಅಂದಿದಾರೆ.